ಹುಣ್ಣಿಮೆ ದಾಟಿತು, ಇಂಜೆಕ್ಷನ್ ಉಳಿಯಿತು

ಅಪ್ಪನಿಗೆ ತೋಳ ಕಚ್ಚಿದ್ದು ಹಾಡುಹಗಲೇ. ಹಂದನಕೆರೆ ಹತ್ತಿರದ ನಮ್ಮ ತೋಟದಲ್ಲಿ ಬಿದ್ದ ಕಾಯಿ ಆಯುತ್ತಿದ್ದಾಗ ಎಲ್ಲಿಂದಲೋ ನುಗ್ಗಿ ಮೀನಖಂಡಕ್ಕೆ ಬಾಯಿ ಹಾಕಿ ಓಡಿತು. ಹಗಲಲ್ಲಿ ಮನುಷ್ಯರ ಮೇಲೆ ಬೀಳುವ ತೋಳಕ್ಕೆ ಹುಚ್ಚು ಹಿಡಿದಿರುತ್ತದೆ ಎಂದ ತಾಲ್ಲೂಕು ಆಸ್ಪತ್ರೆಯ ಡಾಕ್ಟರು, ಹೊಕ್ಕುಳ ಸುತ್ತ ದಿನಕ್ಕೊಂದರಂತೆ ಹದಿನಾಲ್ಕು ಇಂಜೆಕ್ಷನ್ ಎಂದು ಚೀಟಿ ಬರೆದರು. ಮಧ್ಯೆ ಬಿಟ್ಟರೆ ಪ್ರಾಣಕ್ಕೇ ಸಂಚಕಾರ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಎಪ್ಪತ್ತರ ದಶಕದ ಕೊನೆಯ ಮಾತು. ತಿಪಟೂರಿನ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಮೇಡಂ ಆಗಿದ್ದ ನಾನು ಬೇಸಿಗೆ ರಜೆಗೆ ಊರಿಗೆ ಬಂದಿದ್ದೆ.

ನಮ್ಮ ಗ್ರಹಚಾರ ನೋಡಿ, ಅದರ ಹಿಂದಿನ ವಾರವೇ ಊರಾಚೆಯ ಟೆಂಟಿನಲ್ಲಿ ಒಂದು ಇಂಗ್ಲಿಷ್ ಪಿಕ್ಚರ್ ಬಂದಿತ್ತು. ಮಾತು ಒಂದೂ ತಿಳಿಯದಿದ್ದರೂ ಊರಿಗೆ ಊರೇ ನೋಡಿತು, ನಾನೂ ಹೋಗಿದ್ದೆ. ತೋಳ ಒಬ್ಬನನ್ನು ಕಚ್ಚುತ್ತದೆ, ಮುದುಕ ಡಾಕ್ಟರೊಬ್ಬ ಏನೋ ಹೇಳುತ್ತಾನೆ, ಹುಣ್ಣಿಮೆ ಬರುತ್ತದೆ, ಅವನ ಮೈತುಂಬ ಕೂದಲು ಬೆಳೆದು ಅವನೂ ತೋಳವಾಗುತ್ತಾನೆ. ಹುಚ್ಚುನಾಯಿ ಕಚ್ಚಿದವರು ನೀರಿಗೆ ಬಗ್ಗಿದರೆ ನಾಯಿಯ ಮುಖ ಕಾಣುತ್ತದೆ ಎನ್ನುವ ಮಾತು ನಮ್ಮಲ್ಲಿ ಮೊದಲೇ ಇತ್ತು. ಎರಡೂ ಸೇರಿಕೊಂಡವು.

ಮನೆಯ ಯಜಮಾನಿಕೆ ಅಪ್ಪನ ಅಕ್ಕನದು, ನನ್ನ ಸೋದರತ್ತೆಯದು. ಆಕೆ ದಿನಾ ಬೆಳಗ್ಗೆ ಅಪ್ಪನ ಮುಂದೆ ಹಿತ್ತಾಳೆ ಹರಿವಾಣದಲ್ಲಿ ನೀರಿಟ್ಟು, "ಯಾರ ಮುಖ ಕಾಣ್ತೈತೆ ಹೇಳ್ಲಾ" ಎಂದು ಕೇಳುವಳು. "ನಂದೇ ಕಣಕ್ಕ" ಎನ್ನುವನು ಅಪ್ಪ. ಆಮೇಲೆ ಅವನ ತೋಳು ಹಿಡಿದು ಕೂದಲು ದಟ್ಟವಾಗಿದೆಯೇ ಎಂದು ನೋಡುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಬಸ್ಸು ತಪ್ಪಿಸದೆ ಅಪ್ಪ ನನ್ನ ಜೊತೆ ಆಸ್ಪತ್ರೆಗೆ ಬರುತ್ತಿದ್ದ, ಅಷ್ಟು ಸಾಕಿತ್ತು.

ಒಂಬತ್ತು ಇಂಜೆಕ್ಷನ್ ಆಗುವಷ್ಟರಲ್ಲಿ ಹುಣ್ಣಿಮೆ ಬಂದು ಹೋಯಿತು. ಅಪ್ಪ ಅಪ್ಪನಾಗಿಯೇ ಎದ್ದು ಹಲ್ಲುಜ್ಜಿದ. ಅತ್ತೆ ಬೆಳಗ್ಗೆಯೇ ಹೋಳಿಗೆಗೆ ಬೇಳೆ ಇಟ್ಟಳು.

ನಾನು ಚೀಟಿ ಹಿಡಿದು, "ಅಪ್ಪಾ, ಏಳು, ಬಸ್ಸಿಗೆ ಹೊತ್ತಾಯ್ತು" ಎಂದೆ.

"ಹುಣ್ಣಿಮೆ ದಾಟ್ತಲ್ಲ ಮಗಾ, ಇನ್ಯಾಕೆ ಸೂಜಿ? ಹೊಟ್ಟೆ ಮುಟ್ಟಂಗಿಲ್ಲ, ಹಂಗೆ ಊದೈತೆ."

"ಗಂಡಾಂತರ ಕಳೀತು, ಬುಡೇ ಅತ್ಲಾಗೆ" ಎಂದಳು ಅತ್ತೆ.

ನಾನು ಏನೇನು ಹೇಳಲಿಲ್ಲ! ಅದು ಬಣ್ಣ ಬಳಿದುಕೊಂಡವರ ಆಟ ಎಂದೆ. ಹುಚ್ಚಿನ ವಿಷ ನರ ಹಿಡಿದು ಮಿದುಳಿಗೆ ಏರುತ್ತದೆ, ಅದಕ್ಕೆ ಹುಣ್ಣಿಮೆಯೂ ಇಲ್ಲ ಅಮಾವಾಸ್ಯೆಯೂ ಇಲ್ಲ ಎಂದೆ. ಡಾಕ್ಟರ ಮೇಲೆ ಆಣೆ ಇಟ್ಟೆ. ಕಿರುಚಿದೆ, ಕಣ್ಣೀರು ಹಾಕಿದೆ. ಕೋಣನ ಮುಂದೆ ಕಿನ್ನರಿ. ಅಪ್ಪ ಎಲೆಯಡಿಕೆ ಹಾಕಿಕೊಂಡು ನನ್ನನ್ನೇ ಮರುಕದಿಂದ ನೋಡುತ್ತಿದ್ದ. ಅವನು ಸತ್ತೇಹೋಗುತ್ತಾನೆ ಎಂದು ಚೀಟಿಯನ್ನು ಮತ್ತೆ ಅವನ ಮುಖಕ್ಕೆ ಹಿಡಿದೆ. ಥೂ, ಯಾತಕ್ಕಾದರೂ ಓದಿದೆನೋ ಎನ್ನಿಸಿತು.

ದೂರದಲ್ಲಿ ಬಸ್ಸಿನ ಹಾರನ್ ಕೇಳಿತು. ನನ್ನ ಬಾಯಿಂದ ಸುಳ್ಳು ತಾನಾಗಿಯೇ ಬಂತು.

"ಪಿಕ್ಚರಿನಲ್ಲಿ ಆ ಮುದುಕ ಡಾಕ್ಟರ್ ಇಂಗ್ಲಿಷಿನಲ್ಲಿ ಏನಂದ ಗೊತ್ತಾ ನಿಮಗೆ? ಸೂಜಿ ಅರ್ಧಕ್ಕೆ ಬಿಟ್ಟವನು ಮುಂದಿನ ಹುಣ್ಣಿಮೆಗೆ ಗ್ಯಾರಂಟಿ ತೋಳ ಆಗ್ತಾನಂತೆ. ಊರಲ್ಲಿ ಇಂಗ್ಲಿಷ್ ಬರೋದು ನನಗೊಬ್ಬಳಿಗೇ."

ಅತ್ತೆ ಬೇಳೆಯ ಪಾತ್ರೆ ಇಳಿಸಿ, ಓಡಿಹೋಗಿ ಅಪ್ಪನ ಚಪ್ಪಲಿ ತಂದಿಟ್ಟಳು. ಅಪ್ಪ ಎಲೆಯಡಿಕೆ ಉಗಿದು, ಊದಿದ ಹೊಟ್ಟೆ ಹಿಡಿದುಕೊಂಡೇ ನನಗಿಂತ ಮುಂದೆ ಓಡಿದ. ಒಂದು ದಿನವೂ ತಪ್ಪಿಸದೆ ಉಳಿದ ಐದೂ ಹಾಕಿಸಿಕೊಂಡ.

ಕೊನೆಯ ಇಂಜೆಕ್ಷನ್ ಆದ ದಿನ ಬಸ್ಸಿನಲ್ಲಿ ನನ್ನ ಪಕ್ಕ ಕೂತು ಎಲೆಯಡಿಕೆ ಹಾಕಿಕೊಂಡ. ಆಮೇಲೆ ಬೇಸರದಿಂದಲೇ ಕೇಳಿದ: "ಅಲ್ಲ ಮಗಾ, ಇಷ್ಟು ಓದಿದೀಯ. ಇಂಥ ಮುಖ್ಯವಾದ್ ಮಾತ್ನ ಮೊದ್ಲೇ ಹೇಳೋಕೇನಾಗಿತ್ತು? ಅದು ಬಿಟ್ಟು ನರ, ಮಿದುಳು ಅಂತ ಏನೇನೋ ಬಡ್ಕೋತಿದ್ದೆ."