ರುಚಿಯಣ್ಣನ ಸಾಕ್ಷಿ

ಮಾಂಸದ ಕಾರ್ಖಾನೆಯ ಕಟಿಂಗ್ ಸೆಕ್ಷನ್ನಿನಲ್ಲಿ ಅವನನ್ನು ಹೆಸರು ಹಿಡಿದು ಕರೆಯುವವರೇ ಇರಲಿಲ್ಲ. ಆಫೀಸಿನ ಗುಮಾಸ್ತ ಎಂದಾದರೂ ಅವನ ನಿಜವಾದ ಹೆಸರು ಕೂಗಿದರೆ, ಹೊಸಬರು ಇದ್ಯಾರಪ್ಪ ಎಂದು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಎಲ್ಲರ ಬಾಯಲ್ಲೂ ಅವನು ರುಚಿಯಣ್ಣ.

ಆ ಹೆಸರು ಬಿದ್ದದ್ದು ಕ್ಯಾಂಟೀನಿನಲ್ಲಿ. ಒಂದು ಮಧ್ಯಾಹ್ನ ತಟ್ಟೆಯಿಂದ ಒಂದು ತುಂಡು ಬಾಯಿಗಿಟ್ಟವನು ಚಮಚ ಕೆಳಗಿಟ್ಟು, "ಇದು ಒಂದ್ಸಲ ಕರಗಿ ಮತ್ತೆ ಹೆಪ್ಪುಗಟ್ಟಿರೋ ಮಾಲು. ಪ್ರಾಣಿಗೂ ವಯಸ್ಸಾಗಿತ್ತು," ಎಂದ. ಅಡುಗೆಯವನು ತಾಯಾಣೆ ಹಾಗೇನಿಲ್ಲ ಎಂದು ಎದೆ ಬಡಿದುಕೊಂಡ. ಸಂಜೆಯ ಹೊತ್ತಿಗೆ ಹಿಂದಿನ ವಾರ ಫ್ರೀಜರ್ ಕೆಟ್ಟು ನಿಂತಿದ್ದ ಸಂಗತಿ ಹೊರಬಿತ್ತು. ಅಂದಿನಿಂದ ಯಾರ ಮನೆಯಲ್ಲಿ ಮಾಂಸ ತಂದರೂ ಅವನ ನಾಲಿಗೆಯೇ ಕೊನೆಯ ಮಾತು. ಅವನಿಗೂ ಅದರ ಬಗ್ಗೆ ಒಳಗೊಳಗೇ ಒಂದು ಗತ್ತಿತ್ತು. ಓದಿಲ್ಲ, ಹಾಡಲು ಬರುವುದಿಲ್ಲ, ನಾಲ್ಕು ಜನರ ಮುಂದೆ ನಿಂತು ಮಾತಾಡಿದವನಲ್ಲ. ದೇವರು ಕೊಟ್ಟದ್ದು ಇದೊಂದು.

ಅವನನ್ನು ಆ ಕಾರ್ಖಾನೆಗೆ ತಂದು ಸೇರಿಸಿದವನು ಭಾವ, ಅವನ ಅಕ್ಕನ ಗಂಡ. ಇನ್ನೂ ಮೀಸೆ ಮೂಡದ ಕಾಲದಲ್ಲಿ ಅವನ ಕೈಗೆ ಚಾಕು ಕೊಟ್ಟು, ಕೀಲು ಎಲ್ಲಿ ಬಿಡುತ್ತದೆ, ಕೊಬ್ಬು ಎಲ್ಲಿ ಮುಗಿದು ಸ್ನಾಯು ಎಲ್ಲಿ ಶುರುವಾಗುತ್ತದೆ ಎಂದು ತೋರಿಸಿಕೊಟ್ಟವನು. ಇಬ್ಬರ ಮೇಜೂ ಅಕ್ಕಪಕ್ಕ. ತಲೆಯ ಮೇಲಿನ ಕಂಬಿಯಲ್ಲಿ ಕೊಕ್ಕೆಗೆ ತೂಗುಹಾಕಿದ ಪ್ರಾಣಿಗಳ ಅರ್ಧರ್ಧ ದೇಹಗಳು ಸರಿದು ಬರುತ್ತಿದ್ದವು. ಕೈಗೆ ಉಕ್ಕಿನ ಸಣ್ಣ ಬಳೆಗಳನ್ನು ಹೆಣೆದ, ಮಣಿಕಟ್ಟು ಮುಚ್ಚುವ ಗವಸು, ಕಾಲಿಗೆ ಬಿಳಿಯ ರಬ್ಬರ್ ಬೂಟು. ಬೇಸಿಗೆಯಲ್ಲೂ ಉಸಿರು ಹೊಗೆಯಾಗುವಷ್ಟು ಥಂಡಿ. ಕತ್ತರಿಸಿ ಉಳಿದ ಚೂರುಗಳೆಲ್ಲ ಪಕ್ಕದ ಯಂತ್ರದಲ್ಲಿ ಕೀಮಾ ಆಗಿ, ಬರ್ಗರ್ ಒಳಗಿಡುವ ಬಿಲ್ಲೆಗಳಾಗಿ ಹೊರಟುಹೋಗುತ್ತಿದ್ದವು. ಭಾವ ಕೆಲಸದಲ್ಲಿ ತುಟಿ ಬಿಚ್ಚುತ್ತಿರಲಿಲ್ಲ. ರುಚಿಯಣ್ಣ ಇಬ್ಬರ ಪಾಲಿನ ಮಾತನ್ನೂ ತಾನೇ ಆಡುತ್ತಿದ್ದ.

ಒಂದು ದಿನ ಶೆಡ್ಡಿನ ನಡುವೆ ಗೋಡೆ ಎದ್ದಿತು. ಆಚೆ ಬದಿಗೆ ಹೊಸ ಯಂತ್ರಗಳು ಬಂದವು, ಬಟಾಣಿ ಹಿಟ್ಟಿನ ಮೂಟೆಗಳು ಬಂದವು. ಮಾಂಸವೇ ಇಲ್ಲದೆ ಮಾಂಸದಂತಹ ಬಿಲ್ಲೆ ಮಾಡುತ್ತಾರಂತೆ ಎಂಬ ಸುದ್ದಿ ಕ್ಯಾಂಟೀನಿಗೆ ಬಂದಾಗ ಅಲ್ಲಿ ನಗುವೋ ನಗು.

"ಅದಕ್ಕೆ ರಕ್ತದ ಬದಲು ಬೀಟ್‌ರೂಟ್ ನೀರು ಹಾಕ್ತಾರಂತೆ ಕಣ್ರೋ," ಎಂದ ಲಾರಿ ತುಂಬುವ ದಢೂತಿ ಆಳು. "ಹಲ್ಲಿಗೆ ಬಣ್ಣ ಹತ್ತಿದ್ರೆ ಹೆಂಡ್ತಿ ಕೇಳಲ್ವಾ, ಯಾರ ಲಿಪ್‌ಸ್ಟಿಕ್ ಅಂತ?"

"ನಮ್ಮನೇಲಿ ಮಗಳು ತಂದಿದ್ಲು," ಎಂದ ಕೀಮಾ ಯಂತ್ರದವನು. "ಒದ್ದೆ ರಟ್ಟು ಅಗಿದಂಗಿತ್ತು. ನಾಯೀನೂ ಮೂಸಿ ಎದ್ದುಹೋಯ್ತು."

"ತಿನ್ನೋರಿದ್ರೆ ತಿನ್ಲಿ ಬಿಡ್ರೋ. ನಮ್ಮ ಗಂಟೇನು ಹೋಗುತ್ತೆ?"

ಎಲ್ಲರೂ ಭಾವನ ಕಡೆ ನೋಡಿದರು. ಅವನು ಬ್ರೆಡ್ಡಿನಿಂದ ತಟ್ಟೆ ಒರೆಸುತ್ತ, "ಮಾಂಸ ಬೇಡ ಅಂದ್ರೆ ಬೇಡ. ಬಟಾಣಿ ಬಟಾಣಿ ಥರಾನೇ ಇರಬಹುದಲ್ಲ. ನಮ್ಮ ವೇಷ ಯಾಕೆ ಹಾಕ್ಬೇಕು?" ಎಂದ. ಅಷ್ಟು ಉದ್ದದ ಮಾತು ಅವನ ಬಾಯಿಂದ ಬಂದದ್ದೇ ಹೆಚ್ಚು.

ಕೆಲವು ವಾರಗಳಾದ ಮೇಲೆ ಮೇಸ್ತ್ರಿ ಬಂದು, ಮೇಲಿನ ಆಫೀಸಿನಲ್ಲಿ ರುಚಿ ನೋಡುವ ಕಾರ್ಯಕ್ರಮವಿದೆ, ಕಟಿಂಗ್‌ನವರು ಯಾರಾದರೂ ಬರಬಹುದು ಎಂದ. ಮಾಂಸ ತಿಂದೇ ಬೆಳೆದವರ ಅಭಿಪ್ರಾಯ ಬೇಕಂತೆ. ಬಲವಂತವೇನಿಲ್ಲ.

"ಬನ್ನಿ ಭಾವ, ಹೋಗಿ ಅವರ ನೀರಿಳಿಸಿ ಬರೋಣ," ಎಂದ ರುಚಿಯಣ್ಣ.

"ನಾನು ಬರಲ್ಲ. ನೀನೂ ಹೋಗ್ಬೇಡ."

"ಯಾಕೆ? ಬಾಯಲ್ಲಿಟ್ಟ ತಕ್ಷಣ ಹೇಳ್ತೀನಿ, ಯಾವುದು ಅಸಲಿ, ಯಾವುದು ಬೂಸಾ ಅಂತ."

"ಅದಕ್ಕೇ ಹೋಗ್ಬೇಡ ಅಂದಿದ್ದು," ಎಂದು ಭಾವ ಚಾಕುವನ್ನು ಮಸೆಗೋಲಿಗೆ ಎಳೆಯತೊಡಗಿದ. ಆ ಮಾತಿನ ಅರ್ಥ ರುಚಿಯಣ್ಣನಿಗೆ ಆಗಲಿಲ್ಲ. ಕೇಳುವಷ್ಟು ತಾಳ್ಮೆಯೂ ಇರಲಿಲ್ಲ. ಬೂಟು ತೊಳೆದುಕೊಂಡು, ತಲೆ ಬಾಚಿಕೊಂಡು ಮೆಟ್ಟಿಲು ಹತ್ತಿದ.

ಮೇಲೆ ಕೋಣೆ ಬೆಚ್ಚಗಿತ್ತು. ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಒಂದೇ ಥರದ ತಟ್ಟೆಗಳು, ತಟ್ಟೆಗೊಂದು ಬಿಲ್ಲೆ. ಒಂದು ಮೂಲೆಯಲ್ಲಿ ಕ್ಯಾಮೆರಾ. ಆಫೀಸಿನ ಮೇಡಂ ಅವನನ್ನು ನೋಡಿದ್ದೇ, "ಬನ್ನಿ ಬನ್ನಿ, ನಿಮ್ಮ ಬಗ್ಗೆ ತುಂಬಾ ಕೇಳಿದ್ದೀವಿ," ಎಂದು ಕುರ್ಚಿ ಎಳೆದುಕೊಟ್ಟಳು. ಆಫೀಸಿನವರೊಬ್ಬರು ಅವನಿಗೆ ಕುರ್ಚಿ ಎಳೆದುಕೊಟ್ಟದ್ದು ಅದೇ ಮೊದಲು. ಅವನು ಹಿಗ್ಗಿದ.

ಮೊದಲ ತಟ್ಟೆಯದನ್ನು ಅಗಿದು, "ಒಣಗಿದೆ. ಇದು ನಿಮ್ಮ ಬಟಾಣಿ," ಎಂದ. ಎರಡನೆಯದು ಬಾಯಿಗೆ ಹೋದಾಗ ಅಂಚು ಗರಿಗರಿಯಾಗಿ ಮುರಿದು ಒಳಗಿನ ರಸ ನಾಲಿಗೆಯ ಮೇಲೆ ಹರಡಿತು. ಅವನು ಕಣ್ಣು ಮುಚ್ಚಿದ. ಬೇಕೆಂದೇ ತಡಮಾಡಿದ. "ಹಾಂ, ಇದು ಮಾಂಸ. ಭುಜದ ಹತ್ತಿರದ್ದು. ಕೊಬ್ಬು ಹದವಾಗಿ ಬಿದ್ದಿದೆ. ಇದನ್ನ ಕತ್ತರಿಸಿದವನ ಕೈಗೆ ಬಂಗಾರದ ಕಡಗ ಹಾಕ್ಬೇಕು."

ಯಾರೋ ಚಪ್ಪಾಳೆ ತಟ್ಟಿದರು. ಮೇಡಂ ನಗುನಗುತ್ತಲೇ ಹೇಳಿದಳು: ಎರಡನೆಯದರಲ್ಲಿ ಎಳ್ಳಷ್ಟೂ ಮಾಂಸವಿಲ್ಲ. ಒಣಗಿದೆ ಎಂದನಲ್ಲ, ಆ ಮೊದಲನೆಯದು ಅವನದೇ ಕಟಿಂಗ್ ಸೆಕ್ಷನ್ನಿನ ಮಾಲು.

ರುಚಿಯಣ್ಣ ಪೆಚ್ಚಾಗಿ ತಾನೂ ನಕ್ಕ. ಕ್ಯಾಮೆರಾ ಹತ್ತಿರ ಬಂತು. "ನಿಜ ಹೇಳಿ, ಚೆನ್ನಾಗಿತ್ತಾ?" ಎಂದು ಮೇಡಂ ಕೇಳಿದಳು.

"ಚೆನ್ನಾಗಿತ್ತು. ಸುಳ್ಳು ಯಾಕೆ ಹೇಳ್ಲಿ?" ಎಂದ. ತಟ್ಟೆಯಲ್ಲಿ ಉಳಿದದ್ದನ್ನೂ ಅಲ್ಲೇ ತಿಂದು ಮುಗಿಸಿದ.

ಕೆಳಗೆ ಬಂದಾಗ ಮೊದಮೊದಲು ಅದೊಂದು ತಮಾಷೆಯಾಗಿಯೇ ನಡೆಯಿತು. "ಏನ್ ರುಚಿಯಣ್ಣ, ಬಟಾಣಿಗೂ ಭುಜ ಇರುತ್ತಾ?" ಎಂದು ಕೇಳಿ ನಕ್ಕರು. ಅವನೂ ತಲೆ ಕೆರೆದುಕೊಂಡು ನಕ್ಕ. ಆಮೇಲೆ ಬಸ್‌ಸ್ಟಾಪಿನಲ್ಲಿ ಜಾಹೀರಾತಾಗಿ ಅವನ ಮುಖ ಬಂತು. ಬಾಗಿಲಗಲದ ಮುಖ, ಮುಚ್ಚಿದ ಕಣ್ಣು, ಕೆಳಗೆ ದಪ್ಪ ಅಕ್ಷರ: 'ಜೀವನವಿಡೀ ಮಾಂಸ ಕತ್ತರಿಸಿದ ಕೈ. ಈ ರುಚಿಗೆ ಸೋತ ನಾಲಿಗೆ.' ಊರಿನ ಎಲ್ಲರ ಫೋನಿನಲ್ಲೂ ಅವನು ಬಂಗಾರದ ಕಡಗದ ಮಾತಾಡುತ್ತಿದ್ದ. ಆ ದಿನ ಸಹಿ ಹಾಕಿ ಎಂದು ಕೊಟ್ಟ ಕಾಗದಕ್ಕೆ ಅವನು ಓದದೆ ಸಹಿ ಹಾಕಿದ್ದ. ಈಗ ಕೇಳಲು ಬಾಯಿರಲಿಲ್ಲ.

ತಿಂಗಳೊಪ್ಪತ್ತಿನಲ್ಲಿ ಗೋಡೆಯ ಆಚೆ ಎರಡು ಪಾಳಿ ಶುರುವಾಯಿತು. ಈಚೆ ಕಂಬಿಯಲ್ಲಿ ಬರುವ ಕೊಕ್ಕೆಗಳು ಖಾಲಿಯಾಗತೊಡಗಿದವು. ಒಂದು ಬೆಳಿಗ್ಗೆ ಬಟ್ಟೆ ಬದಲಿಸುವ ಕೋಣೆಗೆ ಮ್ಯಾನೇಜರನೇ ಬಂದ. ಅವನು ಆ ಕೋಣೆಗೆ ಕಾಲಿಟ್ಟದ್ದನ್ನು ಅದುವರೆಗೆ ಯಾರೂ ಕಂಡಿರಲಿಲ್ಲ. ಕಟಿಂಗ್ ಸೆಕ್ಷನ್ ಮುಚ್ಚುತ್ತಿದ್ದೇವೆ ಎಂದ. ಎಲ್ಲರೂ ಒಟ್ಟಿಗೆ ಮಾತಾಡಲು ಹೊರಟಾಗ ಅವನು ಕೈ ಎತ್ತಿ, "ನಾವೇನು ಮಾಡೋಣ ಹೇಳಿ? ಜನಕ್ಕೆ ವ್ಯತ್ಯಾಸಾನೇ ಗೊತ್ತಾಗ್ತಿಲ್ಲ. ನಿಮ್ಮವರೇ ಹೇಳಿದ್ದಾರಲ್ಲ," ಎಂದ.

ಕೋಣೆಯಲ್ಲಿದ್ದ ತಲೆಗಳೆಲ್ಲ ರುಚಿಯಣ್ಣನ ಕಡೆ ತಿರುಗಿದವು. ಬೂಟಿನ ಒಂದು ಕಾಲು ಹಾಕಿಕೊಂಡು ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದವನು ಹಾಗೇ ಕುಳಿತ. ಲಾರಿಯ ಆಳು ಅವನ ಕಾಲ ಬಳಿ ಉಗುಳಿ ಹೊರಗೆ ಹೋದ. ಆಮೇಲೆ ಒಬ್ಬೊಬ್ಬರಾಗಿ ಹೋದರು.

ಕೊನೆಗೆ ಉಳಿದವನು ಭಾವ. ಲಾಕರಿನಿಂದ ಸಾಮಾನು ತೆಗೆದು ಚೀಲಕ್ಕೆ ತುಂಬುತ್ತಿದ್ದ.

"ಭಾವ, ನಾನು ತಿನ್ನದೇ ಇದ್ದಿದ್ರೂ ಇವರು ಮುಚ್ಚೋರೇ. ಗೋಡೆ ಅದಕ್ಕೂ ಮುಂಚೇನೇ ಕಟ್ಟಿದ್ರಲ್ಲ."

"ನಂಗೆ ಗೊತ್ತಿಲ್ವಾ?" ಎಂದ ಭಾವ. ದನಿ ಏರಿಸಲಿಲ್ಲ. "ಆದ್ರೆ ಅವರಿಗೊಂದು ಸಾಕ್ಷಿ ಬೇಕಾಗಿತ್ತು ಕಣೋ. ನಮ್ಮಲ್ಲೇ ಒಬ್ಬ ಬೇಕಾಗಿತ್ತು. ನೀನು ತಲೆ ಬಾಚ್ಕೊಂಡು ಹೋದೆ."

ಚೀಲವನ್ನು ಹೆಗಲಿಗೆ ಹಾಕಿಕೊಂಡು ಭಾವ ನಡೆದ. ರುಚಿಯಣ್ಣ ಹಿಂದೆ ಹೋಗಲಿಲ್ಲ.

ಅವನೊಬ್ಬನನ್ನು ಮಾತ್ರ ಕಾರ್ಖಾನೆ ಇಟ್ಟುಕೊಂಡಿತು. ಗೋಡೆಯ ಆಚೆ, ರುಚಿ ನೋಡುವ ಕೆಲಸ. ಬೇಡ ಎನ್ನುತ್ತೇನೆಂದು ಮನೆಯಲ್ಲಿ ಹೇಳಿದಾಗ ಹೆಂಡತಿ ಕೈಯಲ್ಲಿದ್ದ ಬಟ್ಟೆ ಬಿಟ್ಟು ಎದುರು ಬಂದು ಕೂತಳು. "ರೀ, ಹುಚ್ಚು ಹಿಡಿದಿದೆಯಾ? ನೀವೂ ಬೀದಿಗೆ ಬಿದ್ರೆ ಯಾರಿಗೆ ಲಾಭ? ನಾಳೆ ನಿಮ್ಮಕ್ಕನ ಮನೇಲಿ ಒಲೆ ಹತ್ತದೇ ಇದ್ರೆ ನೋಡೋರಾದ್ರೂ ಯಾರು?" ಅವಳ ಮಾತಿನಲ್ಲಿ ತಪ್ಪು ಹುಡುಕಲಾಗದೆ ಅವನು ಹೋದ.

ಅಲ್ಲಿ ಥಂಡಿಯಿಲ್ಲ, ರಕ್ತದ ವಾಸನೆಯಿಲ್ಲ, ನೆಲ ಯಾವಾಗಲೂ ಒಣಗಿರುತ್ತಿತ್ತು. ಒಂದೊಂದು ಸುತ್ತಿನ ಬಿಲ್ಲೆಗಳಿಂದ ಒಂದು ತುಂಡು ಅಗಿಯಬೇಕು, ಬಕೆಟ್ಟಿಗೆ ಉಗಿಯಬೇಕು, ಬಾಯಿ ಮುಕ್ಕಳಿಸಬೇಕು, ಉಪ್ಪು ಸಾಕೇ ಬೇಕೇ ಹೇಳಬೇಕು. ಅವನಿಗೆ ಸಂಕಟವಾಗುತ್ತಿದ್ದದ್ದು ಒಂದೇ ಕಾರಣಕ್ಕೆ: ಅದು ಈಗಲೂ ಚೆನ್ನಾಗಿಯೇ ಇತ್ತು. ರಟ್ಟಿನಂತಿದ್ದರೆ, ನಾಯಿ ಮೂಸದಂತಿದ್ದರೆ, ಕ್ಯಾಮೆರಾ ಮುಂದೆ ಬಾಯಿ ತಪ್ಪಿತು ಎಂದಾದರೂ ಸಮಾಧಾನ ಮಾಡಿಕೊಳ್ಳಬಹುದಿತ್ತು. ಮನೆಗೆ ಬಂದರೆ ಅವನಿಗೆ ಯಾವುದೂ ಸೇರುತ್ತಿರಲಿಲ್ಲ. ಹೆಂಡತಿ ತಟ್ಟೆ ಮುಂದಿಟ್ಟು ಕಾಯುತ್ತಿದ್ದಳು. ಅವನು ಬರಿಯ ಬ್ರೆಡ್ಡು ನೀರಿನಲ್ಲಿ ಅದ್ದಿ ತಿಂದು ಏಳುತ್ತಿದ್ದ.

ಭಾವನಿಗೆ ಆ ವಯಸ್ಸಿನಲ್ಲಿ ಬೇರೆ ಯಾರು ಕೆಲಸ ಕೊಡುತ್ತಾರೆ? ಊರ ಹೊರಗಿನ ಸಣ್ಣದೊಂದು ಕಸಾಯಿಖಾನೆಯಲ್ಲಿ ದಿನಗೂಲಿಗೆ ಸೇರಿದ. ಅಲ್ಲಿ ಉಕ್ಕಿನ ಗವಸು ಕೊಡುವ ಪದ್ಧತಿಯಿರಲಿಲ್ಲ. ನೆಲದ ನೀರು ಹೋಗಲು ಸರಿಯಾದ ಮೋರಿಯೂ ಇರಲಿಲ್ಲ. ಒಂದು ದಿನ ಅವನ ಕಾಲು ಜಾರಿತು. ಮೇಜು ಹಿಡಿದುಕೊಳ್ಳಲು ಬಲಗೈ ಚಾಚಿದಾಗ ಪಕ್ಕದವನ ಚಾಕು ಮಣಿಕಟ್ಟಿನ ಮೇಲೆ ಹರಿದುಹೋಯಿತು. ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿ ಕೈಯನ್ನೇನೋ ಉಳಿಸಿದರು. ನರ ಕೂಡಲಿಲ್ಲ. ಬೆರಳುಗಳು ಅರ್ಧ ಮಡಚಿದಂತೆ ನಿಂತುಬಿಟ್ಟವು.

ಸುದ್ದಿ ತಿಳಿದ ಸಂಜೆಯೇ ರುಚಿಯಣ್ಣ ಹೋದ. ಬಾಗಿಲು ತೆರೆದ ಅಕ್ಕ ಚೌಕಟ್ಟಿಗೆ ಎರಡೂ ಕೈ ಅಡ್ಡಕೊಟ್ಟು ನಿಂತಳು.

"ಯಾಕೆ ಬಂದೆ? ಇಲ್ಲೂ ಫೋಟೋ ತೆಗೆಸ್ಕೋಬೇಕಿತ್ತಾ?"

"ಅಕ್ಕಾ..."

"ಅಕ್ಕ ಅನ್ನಬೇಡ. ನಿನ್ನನ್ನ ಮಗನ ಥರ ಮೇಜಿನ ಪಕ್ಕ ನಿಲ್ಲಿಸ್ಕೊಂಡು ಕೆಲಸ ಕಲಿಸಿದ್ರಲ್ಲೋ. ಒಂದು ತುತ್ತಿಗೆ ಮಾರ್ಕೊಂಡೆ."

ಒಳಗಿನಿಂದ ಭಾವನ ದನಿ ಬಂತು. "ಬಿಡೇ ಅವನನ್ನ. ಚಳಿ ಒಳಗೆ ಬರ್ತಿದೆ."

ಅಕ್ಕ ಕೈ ತೆಗೆದಳು, ಮುಖ ತಿರುಗಿಸಿಕೊಂಡು ಅಡುಗೆಮನೆಗೆ ಹೋದಳು. ರುಚಿಯಣ್ಣ ಹಾಸಿಗೆಯ ಬಳಿ ಸ್ಟೂಲಿನ ಮೇಲೆ ಕುಳಿತ. ಭಾವ ಕಾರ್ಖಾನೆಯ ಸುದ್ದಿ ಎತ್ತಲಿಲ್ಲ. "ಈ ಎಡಗೈಲಿ ಗುಂಡಿ ಹಾಕೋಕೆ ಬರ್ತಿಲ್ಲ ಕಣೋ," ಎಂದ. ರುಚಿಯಣ್ಣ ಬಗ್ಗಿ ಅವನ ಅಂಗಿಯ ಗುಂಡಿಗಳನ್ನು ಕೆಳಗಿನಿಂದ ಮೇಲಕ್ಕೆ ಹಾಕಿದ.

ಹೊಸ ಬಿಲ್ಲೆಯ ಭರಾಟೆಯೂ ಹೆಚ್ಚು ಕಾಲ ಉಳಿಯಲಿಲ್ಲ. ಅದು ಇಳಿಯುತ್ತಿರುವುದು ರುಚಿಯಣ್ಣನಿಗೆ ಮೊದಲು ತಿಳಿದದ್ದು ಬಸ್ಸಿನಲ್ಲಿ. ಮುಂದಿನ ಸೀಟಿನ ಗಂಡಸರಿಬ್ಬರು ಅದೇ ಮಾತಾಡುತ್ತಿದ್ದರು.

"ನಾನೂ ತಿಂದಿದ್ದೆ. ಪರವಾಗಿಲ್ಲ, ಚೆನ್ನಾಗೇ ಇತ್ತು."

"ಮತ್ತೆ ತಗೊಂಡ್ಯಾ?"

"ಮತ್ತೆ ಯಾಕೆ? ಅದೇ ರುಚಿ ಬೇಕು ಅಂದ್ರೆ ಮಾಂಸಾನೇ ತಿಂತೀನಲ್ಲ."

ರುಚಿಯಣ್ಣ ಕಿಟಕಿಯ ಕಡೆ ಮುಖ ಮಾಡಿ ಕುಳಿತ. ಇಷ್ಟು ಸುಲಭದ ಮಾತು. ಆ ಬಿಳಿ ಬಟ್ಟೆಯ ಮೇಜಿನ ಸುತ್ತ ಇದ್ದವರಲ್ಲಿ ಇದನ್ನು ಯಾರೂ ಕೇಳಿರಲಿಲ್ಲ. ಚೆನ್ನಾಗಿದೆಯೇ ಎಂದು ಕೇಳಿದ್ದರು. ನಾಳೆಯೂ ತಿನ್ನುತ್ತೀಯಾ ಎಂದು ಕೇಳಿದ್ದರೆ ತಾನೇನು ಹೇಳುತ್ತಿದ್ದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಎರಡು ಪಾಳಿ ಒಂದಾಯಿತು, ಒಂದು ಅರ್ಧವಾಯಿತು. ಮೇಡಂ ಬೇರೆ ಕಡೆ ಕೆಲಸ ನೋಡಿಕೊಂಡು ಹೋದಳು. ಕೊನೆಗೆ ಯಂತ್ರಗಳನ್ನು ಬಿಚ್ಚಿ ಲಾರಿಗೆ ಏರಿಸಿದರು. ಕಟಿಂಗ್ ಸೆಕ್ಷನ್ ಮತ್ತೆ ತೆರೆದೀತೆಂದು ಕೆಲವರು ಗೇಟಿನ ಬಳಿ ಬಂದು ನಿಂತದ್ದುಂಟು. ಅಷ್ಟರಲ್ಲಿ ಊರಿಗೆ ಬೇಕಾದ ಮಾಂಸ ದೂರದ ಬೇರೊಂದು ಕಾರ್ಖಾನೆಯಿಂದ ಪೊಟ್ಟಣ ಕಟ್ಟಿಕೊಂಡು ಬರತೊಡಗಿತ್ತು. ಶೆಡ್ಡಿಗೆ ಬೀಗ ಬಿತ್ತು.

ರುಚಿಯಣ್ಣ ಈಗ ತರಕಾರಿ ಗೋದಾಮಿನಲ್ಲಿ ಪೆಟ್ಟಿಗೆ ಹೊರುತ್ತಾನೆ. ಅಲ್ಲಿ ಅವನಿಗೆ ಅಡ್ಡಹೆಸರಿಲ್ಲ. ರಜೆಯ ದಿನ ಬೆಳಿಗ್ಗೆ ಭಾವನ ಮನೆಗೆ ಹೋಗಿ ಅವನಿಗೆ ಕ್ಷೌರ ಮಾಡುತ್ತಾನೆ, ಎಡಗೈಯ ಉಗುರು ತೆಗೆಯುತ್ತಾನೆ. ಅಕ್ಕ ಬಿಸಿನೀರಿನ ಬೋಗುಣಿ ತಂದು ಸ್ಟೂಲಿನ ಮೇಲೆ ಕುಕ್ಕಿ, ಅವನ ಮುಖ ನೋಡದೆ ಒಳಗೆ ಹೋಗುತ್ತಾಳೆ. ಅವಳು ಅವನೊಡನೆ ಮಾತು ಬಿಟ್ಟವಳು ಮತ್ತೆ ಆಡಿಲ್ಲ. ಭಾವ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚಾಚಿ ಕಣ್ಣು ಮುಚ್ಚುತ್ತಾನೆ. ಗಂಟಲಮಣಿಯ ಸುತ್ತ ಚರ್ಮ ಸಡಿಲವಾಗಿದೆ, ಅಲ್ಲಿ ಒಂದು ಬೆರಳಿನಿಂದ ಎಳೆದು ಹಿಡಿದುಕೊಂಡೇ ಬ್ಲೇಡು ಆಡಿಸಬೇಕು. ಮುಗಿದ ಮೇಲೆ ರುಚಿಯಣ್ಣ ಭಾವನ ಕೆನ್ನೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಬೋಗುಣಿಯ ನೀರನ್ನು ತಾನೇ ಹಿತ್ತಲಿಗೆ ಒಯ್ದು ಚೆಲ್ಲಿ ಬರುತ್ತಾನೆ.