ಇಂದುಮತಿ ಆಂಟಿಯ ಸೊಂಟಕ್ಕೊಂದು ರಿವಾಲ್ವರ್ ಚೀಲ

ಮೊನ್ನೆ ನದಿದಡದ ಹೋಬೋಕನ್ ಊರಿನ ಅಂಗಡಿಯೊಂದಕ್ಕೆ ಬೆಲ್ಟ್ ಕೊಳ್ಳಲು ಹೋಗಿದ್ದೆ. ಹೊಸ ಚರ್ಮದ ವಾಸನೆ ಮೂಗಿಗೆ ಬಡಿದದ್ದೇ ತಡ, ನನಗೇ ಗೊತ್ತಿಲ್ಲದ ಹಾಗೆ ಬೆಲ್ಟನ್ನು ಬಿಗಿದುಕೊಂಡು, ಕಾಲು ಅಗಲಿಸಿ, ಮಂಡಿ ಬಗ್ಗಿಸಿ, ಇಲ್ಲದ ಕುದುರೆಯ ಮೇಲೆ ಕೂತು ಮೂರು ಸಲ ಎಗರಿದೆ. ಎಡಗೈಯಲ್ಲಿ ಇಲ್ಲದ ಲಗಾಮು ಬೇರೆ. ಅಂಗಡಿಯಾಕೆ ಎರಡು ಹೆಜ್ಜೆ ಹಿಂದೆ ಸರಿದು, "ಎವ್ರಿಥಿಂಗ್ ಓಕೆ, ಸರ್?" ಎಂದಳು. ಅವಳಿಗೆ ವಿವರಿಸಲು ಧೈರ್ಯ ಬರಲಿಲ್ಲ. ನಿಮಗೆ ಹೇಳುತ್ತೇನೆ, ನೀವಾದರೂ ಹಿಂದೆ ಸರಿಯಬೇಡಿ.

ಮೂರು ವರ್ಷದ ಹಿಂದಿನ ಮಾತು. ಈ ಪರದೇಶದಲ್ಲಿ, ಬಾಸ್ಕಿಂಗ್ ರಿಡ್ಜ್ ಎಂಬ ಊರಿನಲ್ಲಿ, ನಮಗೊಬ್ಬರು ಇಂದುಮತಿ ಆಂಟಿ ಇದ್ದಾರೆ. ಧಾರವಾಡದವರು. ಔಷಧ ಕಂಪನಿಯ ಲ್ಯಾಬಿನಲ್ಲಿ ಮೂವತ್ತು ವರ್ಷ ಸೂಕ್ಷ್ಮಜೀವಿಗಳನ್ನು ಗದರಿಸಿಕೊಂಡಿದ್ದು ನಿವೃತ್ತರಾದವರು. ಅಂಕಲ್ ತೀರಿಕೊಂಡು ಆಗ ಎರಡು ವರ್ಷವಾಗಿತ್ತು. ಒಂದು ಭಾನುವಾರ ಅವರು ಪಿಸ್ಕಾಟವೇಯ ನಮ್ಮ ಮನೆಗೆ ಬಂದು, ಸೋಫಾದ ಮೇಲೆ ಕೂತು, ಕೈಚೀಲದಿಂದ ಒಂದೊಂದಾಗಿ ಮೂರು ಚರ್ಮದ ಚೀಲಗಳನ್ನೂ ಒಂದು ಮರದ ರಿವಾಲ್ವರನ್ನೂ ತೆಗೆದು ಟೀಪಾಯಿಯ ಮೇಲೆ ಜೋಡಿಸಿದರು. ನನ್ನ ಹೆಂಡತಿ ಕೈಯಲ್ಲಿದ್ದ ಚಕ್ಕುಲಿ ತಟ್ಟೆಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತಳು.

"ಹೋಲ್‌ಸ್ಟರ್ ಅಂತಾರ ಇವಕ್ಕ. ಪಿಸ್ತೂಲ್ ಇಟ್ಕೊಳ್ಳೋ ಚೀಲ," ಎಂದರು ಆಂಟಿ, ಟೊಮೆಟೊ ಆರಿಸುವವರ ಗಾಂಭೀರ್ಯದಿಂದ. "ಕುದುರಿ ಮ್ಯಾಲೆ ಕೂತಾಗ ಯಾವುದು ಆರಾಮ ಅಂತ ನೀ ಟೆಸ್ಟ್ ಮಾಡಿ ಹೇಳು."

ವಿಷಯ ಹೀಗಿತ್ತು. ಅವರ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲೊಂದು ಕುದುರೆ ಲಾಯ. ಅಲ್ಲಿ ವಯಸ್ಸಾದವರದೊಂದು ಕ್ಲಬ್ಬು. ದಂತವೈದ್ಯರು, ಸ್ಕೂಲ್ ಬಸ್ ಓಡಿಸಿ ದಣಿದವರು, ಎಲ್ಲ ಸೇರಿ ದೊಡ್ಡ ಟೋಪಿ ಹಾಕಿಕೊಂಡು ಕುದುರೆ ಓಡಿಸುತ್ತ, ಕಂಬಕ್ಕೆ ಕಟ್ಟಿದ ಐದು ಬಲೂನುಗಳನ್ನು ರಿವಾಲ್ವರಿನಿಂದ ಒಡೆಯಬೇಕು. ಗುಂಡಿರುವುದಿಲ್ಲ, ಬರೀ ಮದ್ದು. ಅದರ ಕಿಡಿಗೇ ಬಲೂನು ಒಡೆಯುತ್ತದೆ. ಆಂಟಿ ಕಾಗದಪತ್ರವೆಲ್ಲ ಸರಿಮಾಡಿಕೊಂಡು, ಆರು ತಿಂಗಳು ಸವಾರಿ ಕಲಿತು, ಬಿಸ್ಕಿಟ್ ಎಂಬ ದಪ್ಪನೆಯ ಹೆಣ್ಣು ಕುದುರೆಯ ಸ್ನೇಹ ಸಂಪಾದಿಸಿದ್ದರು. ನಮಗೆ ಯಾರಿಗೂ ಸುಳಿವೇ ಕೊಟ್ಟಿರಲಿಲ್ಲ. ಅವರು ಮನೆಯಲ್ಲಿ ಒಬ್ಬರೇ ಕೂತು ಕೊರಗುತ್ತಿದ್ದಾರೆಂದು ತಿಳಿದು ನಾವು ಶುಕ್ರವಾರ ಶುಕ್ರವಾರ ಸಾರು ಕಳಿಸುತ್ತಿದ್ದೆವು.

ತೊಂದರೆಯೆಂದರೆ, ಕುದುರೆ ಓಡುವಾಗ ಆಂಟಿಯ ಸೊಂಟದಿಂದ ರಿವಾಲ್ವರ್ ಎರಡು ಸಲ ಕೆಳಗೆ ಬಿದ್ದಿತ್ತು. ಮೂರನೆಯ ಸಲ ಬಿದ್ದರೆ ಆ ವರ್ಷವಿಡೀ ರಿವಾಲ್ವರ್ ಮುಟ್ಟುವಂತಿಲ್ಲ ಎಂಬುದು ಕ್ಲಬ್ಬಿನ ನಿಯಮ. ಅಕ್ಟೋಬರಿನಲ್ಲಿ ಪಂದ್ಯ.

ನಾನು ಮೆಲುದನಿಯಲ್ಲಿ, "ಆಂಟಿ, ಇದೆಲ್ಲ ಈಗ ಯಾಕೆ? ಸ್ವಲ್ಪ ರೆಸ್ಟ್ ತಗೊಳ್ಳಬಹುದಲ್ವಾ?" ಎಂದೆ.

"ನೋಡು, ಇದ ನನಗ ಸಾಕಾಗೇದ," ಎಂದರು ಆಂಟಿ. "ನಿಮ್ಮ ಅಂಕಲ್ ಹೋದಾಗಿಂದ ಎಲ್ಲಾರೂ ನನ್ನ ಜೋಡಿ ಪಿಸುಪಿಸು ಮಾತಾಡ್ತೀರಿ. ಯಾರೂ ಜಗಳಾಡಂಗಿಲ್ಲ, ಯಾರೂ ನಗಂಗಿಲ್ಲ. ನಾ ಏನು ಐಸಿಯೂದಾಗ ಇದ್ದೀನೇನು? ಆ ಕುದುರಿ ಒಂದ ನೋಡಪಾ, ನನ್ನ ಕಾಲು ತುಳಿದು ಸಾರಿ ಸುದ್ದಾ ಹೇಳಂಗಿಲ್ಲ. ನನಗ ಒಮ್ಮೆ ಆ ಐದು ಬಲೂನು ಹೊಡಿಬೇಕಾಗೇದ. ಅಷ್ಟ."

ನನಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು. ಎರಡು ವರ್ಷ ನಾವು ಕಳಿಸಿದ ಸಾರಿನ ಜೊತೆ ಒಂದೇ ಒಂದು ಜೋಕನ್ನೂ ಕಳಿಸಿರಲಿಲ್ಲ. ಆದರೂ ಕೇಳಿದೆ, "ಸರಿ, ಆದರೆ ನಾನೇ ಯಾಕೆ?"

"ನೀ ಆಫೀಸಿನ್ಯಾಗ ಟೆಸ್ಟಿಂಗ ಅಲ್ಲೇನು ಮಾಡೋದು? ಒಂದ ಸ್ಯಾಂಪಲ್ ಮ್ಯಾಲೆ ರಿಸಲ್ಟ್ ಕೊಡೋ ಪೈಕಿ ಅಲ್ಲ ನಾ. ಅದೂ ಅಲ್ದ, ನಿನ್ನ ಸೊಂಟ ನನ್ನ ಸೊಂಟ ಒಂದ ಅಳತಿ."

ನನ್ನ ಹೆಂಡತಿ ಚಕ್ಕುಲಿ ತಟ್ಟೆ ಹಿಡಿದು ಅಡುಗೆಮನೆಗೆ ಓಡಿಹೋಗಿ ನಕ್ಕಳು. ಆ ನಗು ಇವತ್ತಿಗೂ ಪೂರ್ತಿ ನಿಂತಿಲ್ಲ.

ಹೀಗೆ ನಾನು ಸಾಫ್ಟ್‌ವೇರ್ ಬಿಟ್ಟು ಸೊಂಟದ ಪರೀಕ್ಷೆಗಿಳಿದೆ. ಕುದುರೆಯ ಬದಲು ಸೋಫಾದ ತೋಳು. ಹೆಂಡತಿ ನನ್ನ ಬೆನ್ನಹಿಂದೆ ನಿಂತು ಭುಜ ಹಿಡಿದು ಕುಲುಕುವಳು, ಅದು ಓಟ. ಮೊದಲನೆಯ ಚೀಲ ಬಲಗಡೆ ಸೊಂಟಕ್ಕೆ; ಕೂತೊಡನೆ ಅದರ ಮೂತಿ ತೊಡೆಯನ್ನು ಒತ್ತಿ, ರಿವಾಲ್ವರಿನ ಹಿಡಿಕೆ ಪಕ್ಕೆಗೆ ತಿವಿಯಿತು. ಎರಡನೆಯದು ತೊಡೆಗೆ ದಾರ ಕಟ್ಟಿ ಜೋತುಬಿಡುವಂಥದ್ದು. ಎಗರಿದಾಗಲೆಲ್ಲ ಪಟ್ ಪಟ್ ಎಂದು ಹೊಡೆಯುತ್ತಿತ್ತು. ಮೂರನೆಯದು ಹೊಟ್ಟೆಯ ಎಡಭಾಗದಲ್ಲಿ ಓರೆಯಾಗಿ ಕೂರುವಂಥದ್ದು. ಬಲಗೈ ಅಡ್ಡ ಚಾಚಿ ರಿವಾಲ್ವರ್ ಎಳೆಯಬೇಕು. ಜಾಗ ಸರಿಯಾಗಿತ್ತು, ಚರ್ಮ ಮಾತ್ರ ಬಿರುಸು. ಉಸಿರಾಡಿದರೆ ಕಿರ್ ಎನ್ನುತ್ತಿತ್ತು. ಇನ್ನೂ ಪರೀಕ್ಷೆಯಾಗಲೆಂದು ಇಡೀ ದಿನ ಮರದ ರಿವಾಲ್ವರ್ ಸಮೇತ ಅದನ್ನು ಕಟ್ಟಿಕೊಂಡೇ ಮನೆಯಿಂದ ಕೆಲಸ ಮಾಡಿದೆ. ವಿಡಿಯೋ ಮೀಟಿಂಗಿನ ನಡುವೆ ಕಾಫಿಗೆಂದು ಎದ್ದೆ ನೋಡಿ, ಅತ್ತ ಹನ್ನೊಂದು ಜನ ಗಪ್‌ಚಿಪ್. ಆವತ್ತು ನಾನು ಕೇಳಿದ ಒಂದು ವಾರದ ಹೆಚ್ಚಿನ ಸಮಯವನ್ನು ಮ್ಯಾನೇಜರು ಮರುಮಾತಿಲ್ಲದೆ ಕೊಟ್ಟ. ಕೊರಿಯರ್‌ನವನು ಬೆಲ್ ಮಾಡಿದಾಗ ಮಗಳು ಬಾಗಿಲಿಗೆ ಅಡ್ಡ ನಿಂತು, "ಡ್ಯಾಡ್, ನೋ. ಯು ಆರ್ ನಾಟ್ ಓಪನಿಂಗ್ ದ ಡೋರ್ ಲೈಕ್ ದಟ್," ಎಂದಳು.

ಆಂಟಿಗೆ ನನ್ನ ವರದಿ ಹೋಯಿತು: "ಮೂರನೆಯದೇ ಸರಿ. ಕೊಂಚ ಮೆತ್ತಗಾದರೆ ಇನ್ನೂ ಆರಾಮ." ಈ ಎರಡನೆಯ ವಾಕ್ಯಕ್ಕಾಗಿ ನನ್ನನ್ನು ಜೈಲಿಗೆ ಹಾಕಬೇಕಿತ್ತು.

ಅಷ್ಟರಲ್ಲಿ ಆಯುಧಪೂಜೆ ಬಂತು. ನಮ್ಮ ಜನಕ್ಕೆ ಆಯುಧವೆಂದರೆ ಇಲ್ಲಿ ಕಾರು, ಲ್ಯಾಪ್‌ಟಾಪು, ಹೆಚ್ಚೆಂದರೆ ಹಿಮ ತಳ್ಳುವ ಸಲಿಕೆ. ಊರಿಗೆಲ್ಲ ನಿಜವಾದ ಆಯುಧವುಳ್ಳವರು ಇಂದುಮತಿ ಆಂಟಿ ಒಬ್ಬರೇ. ರಿವಾಲ್ವರೇನೋ ಕ್ಲಬ್ಬಿನ ಬೀರುವಿನಲ್ಲಿತ್ತು. ನಮ್ಮ ಮನೆಗೆ ಬಂದು ಮರದ್ದನ್ನೇ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿದರು. ಪಕ್ಕದಲ್ಲಿ ಚರ್ಮದ ಚೀಲ. ದೇವರ ಮುಂದೆ ಚರ್ಮವೇ ಎಂದು ನನ್ನ ಹೆಂಡತಿ ಹುಬ್ಬೇರಿಸಿದಳು. "ಆಯುಧ ದೇವರಾದ್ರ ಅದರ ಮನಿನೂ ದೇವರ ಮನಿನ ಅಲ್ಲೇನವಾ?" ಎಂದು ಆಂಟಿ ಅವಳ ಬಾಯಿ ಮುಚ್ಚಿಸಿದರು.

ಪೂಜೆ ಮುಗಿದ ಮೇಲೆ ಅವರು ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ತಂದರು. ಕೂದಲಿಗೆ, ಒಡೆದ ಹಿಮ್ಮಡಿಗೆ, ಕಿರುಗುಟ್ಟುವ ಬಾಗಿಲಿಗೆ, ಹೊಲಿಗೆ ಯಂತ್ರಕ್ಕೆ ನಾವು ಹಾಕುವುದು ಅದನ್ನೇ ತಾನೆ? ಚೀಲವೂ ಕಿರುಗುಟ್ಟುತ್ತಿತ್ತು. ಆಂಟಿ ಒಂದು ಕಡೆ ತಿಕ್ಕಿದರು, ನಾನು ಇನ್ನೊಂದು ಕಡೆ. ಹದವಾಗಿ ಬೆಚ್ಚಗೆ ಮಾಡಿ, ಎಳೆಗೂಸಿಗೆ ತಿಕ್ಕಿದ ಹಾಗೆ ಅರ್ಧ ಬಾಟಲಿ ಕುಡಿಸಿದೆವು. ಮರುದಿನ ನೋಡಿದರೆ ಹಳೆಯ ಚಪ್ಪಲಿಯಷ್ಟು ಮೆತ್ತಗೆ! ಮರದ ರಿವಾಲ್ವರ್ ಇಟ್ಟು ಸೋಫಾದ ತೋಳಿನ ಮೇಲೆ ಮತ್ತೆ ಸವಾರಿ ಮಾಡಿದೆ. ಚೀಲ ಸೊಂಟದಲ್ಲಿರುವುದೇ ಗೊತ್ತಾಗಲಿಲ್ಲ. ಪಾಸು ಎಂದು ಬರೆದುಕೊಟ್ಟೆ.

ಪಂದ್ಯದ ದಿನ ಬೇಲಿಯ ಹತ್ತಿರ ನಾವು ಮೂವರೂ ನಿಂತಿದ್ದೆವು. ಆಂಟಿ ಜೀನ್ಸು, ಟೋಪಿ, ಹಣೆಗೆ ಬೊಟ್ಟು. ಮೈದಾನದ ಉಸ್ತುವಾರಿಯ ವಾಲ್ಟ್ ಎಂಬ ಬಿಳಿಮೀಸೆಯ ಮುದುಕ, ಮೊದಲು ಒಂದು ಸುತ್ತು ಸುಮ್ಮನೆ ಓಡಿಸಿ ಬನ್ನಿ ಎಂದ. ಬಿಸ್ಕಿಟ್ ಓಟ ಶುರುಮಾಡಿತು. ಒಂದು ಎಗರು, ಎರಡು ಎಗರು. ಮೂರನೆಯದಕ್ಕೆ ನಿಜವಾದ ರಿವಾಲ್ವರ್, ಮರದ್ದಕ್ಕಿಂತ ಸಣ್ಣದೂ ಭಾರವೂ ಆದದ್ದು, ಎಣ್ಣೆ ಕುಡಿದ ಚೀಲದಿಂದ ಸುಳಿವೇ ಕೊಡದೆ ಜಾರಿ ಹುಲ್ಲಿಗೆ ಬಿತ್ತು. ಅಷ್ಟು ಆರಾಮಾಗಿತ್ತು ಚೀಲ; ಬಿದ್ದದ್ದು ಆಂಟಿಗೂ ತಿಳಿಯಲಿಲ್ಲ. ಬಿದ್ದದ್ದು ಇದು ಮೂರನೆಯ ಸಲ; ವಾಲ್ಟ್ ಸೀಟಿ ಊದಿದ.

ನಾನು ಓಡಿಹೋಗಿ, "ಆಂಟಿ, ತಪ್ಪು ನಂದು. ಮೆತ್ತಗಾಗಲಿ ಅಂದವನು ನಾನೇ," ಎಂದೆ. ಆಂಟಿಯ ಗಲ್ಲ ನಡುಗುತ್ತಿತ್ತು. ಎರಡು ವರ್ಷದಲ್ಲಿ ಅವರು ಯಾರ ಮುಂದೆಯೂ ಅತ್ತಿರಲಿಲ್ಲ, ಈಗ ಅತ್ತೇಬಿಡುತ್ತಾರೆಂದು ನಾನು ಜೇಬಿನಲ್ಲಿ ಕರವಸ್ತ್ರ ಹುಡುಕಿದೆ. ಅವರು ನನ್ನನ್ನು ನೋಡಲೇ ಇಲ್ಲ. ವಾಲ್ಟ್‌ನ ಕಡೆ ತಿರುಗಿ ಇಂಗ್ಲಿಷಿನಲ್ಲಿ ಕೇಳಿದರು, ರಿವಾಲ್ವರ್ ಇಲ್ಲದೆ ಕುದುರೆ ಓಡಿಸಬಾರದೆಂದು ನಿಮ್ಮ ಪುಸ್ತಕದಲ್ಲಿ ಬರೆದಿದೆಯೇ? ವಾಲ್ಟ್ ಮೀಸೆ ಸವರಿ, ಪುಟ ಮಗುಚಿ, ಹಾಗೇನೂ ಇಲ್ಲ ಎಂದ.

ಆಂಟಿ ಹೊರಟರು. ಬಲಗೈಯ ತೋರುಬೆರಳನ್ನು ಮುಂದಕ್ಕೆ ಚಾಚಿ ಮೊದಲನೆಯ ಬಲೂನಿನ ಹತ್ತಿರ ಬಂದು, ಹೊಟ್ಟೆಯಾಳದಿಂದ, "ಢಂ!" ಎಂದರು. ಬಲೂನು ಏನೂ ಆಗದೆ ತೂಗಾಡಿತು. ಎರಡನೆಯದಕ್ಕೆ "ಢಂ!" ಬೇಲಿಯ ಸುತ್ತ ಎಲ್ಲರೂ ಸುಮ್ಮನೆ ನಿಂತಿದ್ದರು, ಸಾವಿನ ಮನೆಯಲ್ಲಿ ನಿಲ್ಲುವ ಹಾಗೆ, ಎರಡು ವರ್ಷ ನಾವು ನಿಂತಿದ್ದ ಹಾಗೆ. ನನಗೆ ಎಲ್ಲಿತ್ತೋ ಆವೇಶ, ಬೇಲಿ ಹತ್ತಿ, "ಹೊಡೀರಿ ಆಂಟೀ! ಬಿಡಬೇಡಿ ಅದನ್ನ!" ಎಂದು ಕಿರುಚಿದೆ. ಹೆಂಡತಿ ಕಿರುಚಿದಳು. ಮೂರನೆಯ ಬಲೂನಿಗೆ ದಂತವೈದ್ಯರೂ "ಢಂ" ಎಂದರು, ನಾಲ್ಕನೆಯದಕ್ಕೆ ಮೈದಾನಕ್ಕೆ ಮೈದಾನವೇ. ಐದನೆಯದಕ್ಕೆ ಆಂಟಿಗೆ ನಗು ತಡೆಯದೆ "ಢಂ" ಎನ್ನಲಾಗಲೇ ಇಲ್ಲ. ಒಂದು ಬಲೂನೂ ಒಡೆಯಲಿಲ್ಲ. ಅಂಕ ಸೊನ್ನೆ. ಇಳಿದು ಬಂದವರೇ, "ಎಂಥಾ ಹುಂಬ ಟೆಸ್ಟರ್ ನೀ!" ಎಂದು ನನ್ನ ಬೆನ್ನಿಗೆ ಒಂದು ಗುದ್ದಿದರು.

ಮೊನ್ನೆ ಅಂಗಡಿಯಿಂದ ಹೊರಬಂದವನು, ಬೆಲ್ಟ್ ಕೊಳ್ಳದೆಯೇ, ನದಿ ದಾಟುವ ದೋಣಿಗೆ ಸಾಲುಗಟ್ಟಿದ ಜನರ ನಡುವೆ ನಿಂತು ಆಂಟಿಗೆ ಫೋನ್ ಮಾಡಿದೆ. ಅವರು ಎತ್ತಿದ್ದೇ ತಡ, "ಏನ್ ಆಂಟೀ, ಹೇಗಿದೀರೀ?" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

"ಯಾಕೋ ಹಂಗ ಒದರ್ತೀ?" ಎಂದು ಅತ್ತಲಿಂದ ಅದರ ಎರಡರಷ್ಟು ಜೋರಾಗಿ ಬೈದರು. "ನನಗೇನು ಕಿವಿ ಕೇಳಸಂಗಿಲ್ಲೇನು?"