ಗೋಡೆಯ ಮೇಲಿನ ಬೇವಿನ ಎಸಳು

ಮೊನ್ನೆ ರಾಣೆಬೆನ್ನೂರಿನ ನಮ್ಮ ಕಿರಾಣಿ ಅಂಗಡಿಯ ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ ಚೀಲ ಬಿಚ್ಚಿದೆ. ಘಾಟಿನ ಬದಲು ಮುಗ್ಗಲು ವಾಸನೆ ಬಂತು. ಆ ವಾಸನೆಗೆ ನಮ್ಮ ಮ್ಯಾನೇಜರ್ ಸಾಹೇಬರು ನೆನಪಾದರು...

ಇಪ್ಪತ್ತು ವರ್ಷದ ಹಿಂದಿನ ಮಾತು. ನಾನಾಗ ಬ್ಯಾಡಗಿಯ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಗುಮಾಸ್ತ. ಆ ಬೇಸಿಗೆಯಲ್ಲಿ ಒಂದು ಕೋಣೆಯ ಮೆಣಸಿನಕಾಯಿಗೆಲ್ಲ ಬೂಸ್ಟು ಹಿಡಿದಿತ್ತು. ಗುತ್ತಲದ ಕಡೆಯ ಆಪರೇಟರ್ ರಾತ್ರಿ ತಂಪಿನ ಮಷೀನು ನಿಲ್ಲಿಸಿ ಮಲಗುತ್ತಾನೆಂದು ಸ್ಟೋರೇಜಿನ ಮಾಲೀಕ ಸಾವಕಾರರು ತೀರ್ಮಾನಿಸಿಬಿಟ್ಟಿದ್ದರು. ಅಮಾವಾಸ್ಯೆ ಕಳೆದ ಮೇಲೆ ಬರುವುದು ಬೇಡ ಎಂದೂ ಹೇಳಿಯಾಗಿತ್ತು. ಅವನ ಮನೆ ನಡೆಯುತ್ತಿದ್ದದ್ದೇ ಆ ಪಗಾರದಲ್ಲಿ. ನನಗೂ ಅವನ ಮೇಲೆಯೇ ಗುಮಾನಿ. ಸಂಶಯ ನನ್ನ ಹುಟ್ಟುಗುಣ, ಮನೆಗೆ ತಂದ ಸಕ್ಕರೆಯನ್ನೂ ಎರಡು ಸಲ ಬಾಯಿಗೆ ಹಾಕಿ ನೋಡುವವನು ನಾನು.

ಮ್ಯಾನೇಜರ್ ಸಾಹೇಬರು ಹಾವೇರಿಯಲ್ಲಿ ಏನೋ ತರಬೇತಿ ಮುಗಿಸಿ ಬಂದಿದ್ದರು. ನಮ್ಮನ್ನೆಲ್ಲ ಕರೆದು, ಗೋಡೆಯ ಮೇಲೆ ಸೀಮೆಸುಣ್ಣದಿಂದ ಉದ್ದ ಗೆರೆ ಎಳೆದು, ಎರಡೂ ಕಡೆ ಓರೆ ಗೆರೆ ಹಾಕಿ, ಇದು ಮೀನಿನ ಎಲುಬು ಎಂದರು. ಆಗಷ್ಟೇ ಲಿಂಗಪೂಜೆ ಮುಗಿಸಿ ಬಂದಿದ್ದ ಸಾವಕಾರರ ಮುಖ ಗಂಟಿಕ್ಕಿತು. ಸಾಹೇಬರು ವಾದಕ್ಕಿಳಿಯದೆ ಓರೆ ಗೆರೆಗಳಿಗೆ ಎಲೆ ಬಿಡಿಸಿ, "ಆತ್ರಿ, ಬೇವಿನ ಎಸಳಂತ ತಿಳ್ಕೋರಿ" ಎಂದರು. ತುದಿಯಲ್ಲಿ 'ಬೂಸ್ಟು' ಎಂದು ಬರೆದರು. ಎಲೆಗೊಂದು ಕಾರಣ ಹೇಳಬೇಕಿತ್ತು.

ನಾವು ಹೇಳಿದ್ದು ಬರೀ ಹೆಸರು. ಹಮಾಲರು ಆಪರೇಟರನ ಹೆಸರು ಹೇಳಿದರು, ಅವನು ಹಮಾಲರದ್ದು, ತೊಟ್ಟು ಬಿಡಿಸುವ ಹೆಂಗಸರು ಲಾರಿ ಡ್ರೈವರನದ್ದು. ಸಾಹೇಬರು ಎಲ್ಲವನ್ನೂ ಅಂಗೈಯಿಂದ ಒರೆಸಿದರು.

"ಹೆಸರು ಬ್ಯಾಡ್ರಿ. ಏನಾತು, ಯಾಕಾತು, ಅಷ್ಟ ಹೇಳ್ರಿ."

ಯಾರೆಂದು ಕೇಳದವನಿಗೆ ಯಾರೆಂದು ಮೊದಲೇ ಗೊತ್ತಿರಬೇಕು ಎಂದುಕೊಂಡೆ. ಇಲ್ಲವೇ ಆಪರೇಟರನನ್ನು ಉಳಿಸಲು ಈ ಆಟ ಹೂಡಿರಬೇಕು. ಅವರಿಬ್ಬರೂ ಚಹಾ ಕುಡಿಯುವಾಗಲೂ ಕಣ್ಣಿಟ್ಟೆ. ಏನೂ ಸಿಗಲಿಲ್ಲ, ಅದಕ್ಕೇ ಸಂಶಯ ಇನ್ನೂ ಹೆಚ್ಚಾಯಿತು.

ಸಾಹೇಬರು ಮಾತ್ರ ಯಾಕೆ, ಯಾಕೆ ಎಂದು ಕೇಳುತ್ತಲೇ ಹೋದರು. ಚೀಲದಲ್ಲಿ ಪಸೆ ಯಾಕೆ? ಕಾಯಿ ಮುರಿಯದಿರಲೆಂದು ನೀರು ಚಿಮುಕಿಸಿ ಚೀಲಕ್ಕೆ ತುಳಿದು ತುಂಬುತ್ತಾರೆ. ಅದು ಪ್ರತಿ ವರ್ಷವೂ ಇದ್ದದ್ದೇ, ಈ ವರ್ಷವೇ ಬೂಸ್ಟು ಯಾಕೆ? ಮೊದಲೆಲ್ಲ ತುಳಿದ ಚೀಲಗಳನ್ನು ಬಾಯಿ ಹೊಲಿಯದೆ ಎರಡು ದಿನ ಅಂಗಳದಲ್ಲಿ ಗಾಳಿಗೆ ಬಿಡುತ್ತಿದ್ದರು. ಈ ವರ್ಷ ಅವತ್ತಿನದು ಅವತ್ತೇ ಹಸಿಹಸಿ ಒಳಗೆ ಹೋಗಿತ್ತು. ಯಾಕೆ?

ಎಲ್ಲರೂ ಸಾವಕಾರರ ಕಡೆ ತಿರುಗಿ ನೋಡಿದರು. ಸಂಜೆಯೊಳಗೆ ಅಂಗಳ ಖಾಲಿಯಾಗಬೇಕು, ಹೊರಗಿದ್ದರೆ ಹಮಾಲರು ಕದಿಯುತ್ತಾರೆ ಎಂದು ಹುಕುಂ ಮಾಡಿದ್ದವರು ಸಾವಕಾರರೇ. ಅದು ಎಲ್ಲರಿಗೂ ಗೊತ್ತಿತ್ತು. ಸಾಹೇಬರು ಕಡೆಯ ಎಲೆಯಲ್ಲಿ ಯಾರ ಹೆಸರನ್ನೂ ಹಾಕದೆ 'ನಂಬಿಕೆ ಇಲ್ಲ' ಎಂದಷ್ಟೇ ಬರೆದರು. ಸಾವಕಾರರು ಅದನ್ನು ನೋಡಿ ಎದ್ದು ಹೋದರು.

ಆಪರೇಟರನ ಕೆಲಸ ಉಳಿಯಿತು. ಗೋಡೆಗೆ ಸುಣ್ಣ ಬಿತ್ತು. ತಿಂಗಳು ತುಂಬುವುದರೊಳಗೆ ಸಾವಕಾರರು ಸಾಹೇಬರಿಗೇ ಬರುವುದು ಬೇಡ ಎಂದು ಹೇಳಿ ಕಳಿಸಿದರು. ಹೋಗುವ ದಿನ ಸಾಹೇಬರು ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತರು.

"ನೀವು ನನ್ನ ಮ್ಯಾಲೂ ಕಣ್ಣಿಟ್ಟಿದ್ರಿ, ಗೊತ್ತೈತಿ. ಸಂಶಯ ಪಡ್ರಿ, ಬ್ಯಾಡನ್ನಂಗಿಲ್ಲ. ಆದ್ರ ಅರ್ಧಕ್ಕ ನಿಲ್ಲಸಬ್ಯಾಡ್ರಿ."

ಆಮೇಲೆ ಅವರನ್ನು ನೋಡಲಿಲ್ಲ... ಹೋದ ವರ್ಷ ಹಾವೇರಿ ಬಸ್ ಸ್ಟ್ಯಾಂಡಿನಲ್ಲಿ ಆ ಆಪರೇಟರ್ ಸಿಕ್ಕಿ, ಸಾಹೇಬರು ತೀರಿಕೊಂಡರು ಎಂದು ಹೇಳಿ ಕಣ್ಣೊರೆಸಿಕೊಂಡ. ನನಗೆ ಬಹಳ ಸಂಕಟವಾಯಿತು.

ಮೊನ್ನೆಯ ಚೀಲ ನೋಡಿ ನನ್ನಾಕೆ, ಚೀಲ ತಂದ ಹಲಗೇರಿ ಆಟೋದವನೇ ನೆನೆಸಿರಬೇಕು ಎಂದಳು. ನನಗೂ ಹಾಗೇ ಅನಿಸಿತ್ತು. ಆದರೂ ಸೀಮೆಸುಣ್ಣ ಹುಡುಕಿ ಕೋಣೆಯ ಬಾಗಿಲ ಮೇಲೆ ಬೇವಿನ ಎಸಳು ಬರೆದೆ. ಆಟೋದಿಂದ ಇಳಿಸಿದಾಗ ಚೀಲ ಒಣಗಿಯೇ ಇತ್ತು. ಪಸೆ ಬಂದದ್ದು ಕೋಣೆಯಲ್ಲಿ. ಕೋಣೆಗೆ ಗಾಳಿಯಿಲ್ಲ. ಇದ್ದ ಒಂದು ಕಿಟಕಿಯನ್ನು, ಕೆಲಸದವರು ಅಲ್ಲಿಂದ ಮಾಲು ದಾಟಿಸಿಯಾರೆಂದು, ನಾನೇ ಇಟ್ಟಿಗೆಯಿಟ್ಟು ಮುಚ್ಚಿಸಿದ್ದೆ.

ಕಡೆಯ ಎಲೆಯನ್ನೂ ತುಂಬಿದೆ. ಅದನ್ನು ನೋಡಲು ಸಾಹೇಬರಿರಬೇಕಿತ್ತು...